ಹೊಗೆಪೈಪು ತಿರುಗಿಸಿದ ಆಂಟಿ

ಅಮೆರಿಕದಲ್ಲಿ, ಡಲ್ಲಾಸ್ ಪಕ್ಕದ ಅಲೆನ್ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿಯ ಬಲಗೈ ಮೇಲೆ, ಮಣಿಕಟ್ಟಿನಿಂದ ಮೊಣಕೈವರೆಗೆ, ಸುಟ್ಟು ಮಾಯ್ದ ಚರ್ಮ ಪಟ್ಟಿಯ ಹಾಗೆ ಹೊಳೆಯುತ್ತಿತ್ತು. ಅದನ್ನು ಮರೆಮಾಡಲು ಅವರು ಉದ್ದ ತೋಳಿನ ರವಿಕೆ ಹೊಲಿಸಿದವರಲ್ಲ. ಯುಗಾದಿ ಊಟದಲ್ಲಿ ಅದೇ ಕೈಯಿಂದ ಹೋಳಿಗೆ ಬಡಿಸುವಾಗ ಯಾರಾದರೂ ಕೇಳಿದರೆ, "ಹೊಗಿ ಪೈಪು ತಾಗೇತ್ರಿ" ಎಂದಷ್ಟೇ ಹೇಳಿ ಮುಂದಿನವರ ತಟ್ಟೆಗೆ ಹೋಗುತ್ತಿದ್ದರು.

ಹುಬ್ಬಳ್ಳಿಯ ಈ ಆಂಟಿ ಐವತ್ತು ದಾಟಿದ ಮೇಲೆ ಸ್ಪ್ರಿಂಟ್ ಕಾರ್ ಓಡಿಸಲು ಕಲಿತವರು. ತಲೆಯ ಮೇಲೆ ಅಗಲವಾದ ತಗಡಿನ ರೆಕ್ಕೆ ಹೊತ್ತು, ಮಣ್ಣಿನ ಟ್ರ್ಯಾಕಿನಲ್ಲಿ ಎಡಕ್ಕೇ ತಿರುಗುತ್ತ, ಜಾರುತ್ತ ಓಡುವ ಪುಟ್ಟ ರೇಸ್ ಕಾರು ಅದು. ನಮ್ಮ ಜನಕ್ಕೆ ಇದನ್ನು ಜೀರ್ಣಿಸಿಕೊಳ್ಳುವುದು ಕಷ್ಟವಾಗಿತ್ತು. ಒಮ್ಮೆ ಅಲ್ಲಿನ ಕನ್ನಡ ಸಂಘದ ಹಿರಿಯರೊಬ್ಬರು ಆಂಟಿಯ ಎದುರಿಗೇ ಅವರ ಯಜಮಾನರಿಗೆ, "ಮನೆಯವರಿಗೆ ನೀವಾದ್ರೂ ಹೇಳಬಾರದಾ? ಈ ವಯಸ್ಸಲ್ಲಿ ಇದೆಲ್ಲ ಬೇಕಾ?" ಎಂದರು. ಅಂಕಲ್ ಬಾಯಿ ತೆರೆಯುವ ಮೊದಲೇ ಆಂಟಿ, "ನಿಮಗ ಬ್ಯಾಡ ಅನಸಿದ್ರ ನೀವು ಓಡಸಬ್ಯಾಡ್ರಿ" ಎಂದರು. ಅಂಕಲ್ ತಲೆ ತಗ್ಗಿಸಿ ಪಾಯಸ ಕುಡಿದರು. ಪ್ರತಿ ರೇಸಿನ ಮರುದಿನ ಆ ಕಾರಿನ ಕೆಸರು ತೊಳೆಯುತ್ತಿದ್ದವರು ಅವರೇ.

ನಾನು ಮದುವೆಯಾಗಿ ಮೈಸೂರಿನಿಂದ ಬಂದು ಮನೆಯಲ್ಲೇ ಕುಳಿತಿದ್ದ ಕಾಲ ಅದು. ಬೇಲಿಯಾಚೆಯಿಂದ ಆಂಟಿ ಒಂದು ದಿನ, "ಏನು ಓದೀಯವಾ?" ಎಂದು ಕೇಳಿದರು.

"ಮೆಕ್ಯಾನಿಕಲ್ ಆಂಟಿ. ಆದ್ರೆ ನನ್ನ ವೀಸಾದಲ್ಲಿ ಕೆಲಸ ಮಾಡೋ ಹಾಗಿಲ್ಲ."

"ವೀಸಾ ನೌಕರಿಗೆ ಬೇಕು. ಕೈ ಮಸಿ ಮಾಡ್ಕೊಳ್ಳಾಕ ಬೇಕಾಗೂದಿಲ್ಲ. ಬಾ."

ಅವರ ಗ್ಯಾರೇಜಿನಲ್ಲಿ ಆಗ ಜಗಳವೊಂದು ನಡೆದಿತ್ತು. ಇಂಥ ಕಾರುಗಳಲ್ಲಿ ಎಂಜಿನ್ನಿನ ಹೊಗೆಪೈಪುಗಳು ಎರಡೂ ಪಕ್ಕದಲ್ಲಿ ಕೆಳಗೆ ಚಾಚಿಕೊಂಡಿರುತ್ತವೆ. ಆಂಟಿಯ ಎಡಪೈಪು ಒಳಬದಿಯ ಮಣ್ಣಿನ ದಿಬ್ಬಕ್ಕೆ ಬಡಿದು ಪದೇಪದೇ ಚಪ್ಪಟೆಯಾಗುತ್ತಿತ್ತು. ಬಾಯಿ ಮುಚ್ಚಿದ ಪೈಪಿನಲ್ಲಿ ಹೊಗೆ ಸಿಕ್ಕಿಕೊಂಡರೆ ಎಂಜಿನ್ ಉಸಿರು ಕಟ್ಟಿದಂತೆ ಸೊರಗುತ್ತದೆ. ಪೈಪನ್ನು ಮೇಲಕ್ಕೆತ್ತಿ, ಕಾರಿನ ಮೈಗೆ ಒತ್ತಿ ಹಿಂದಕ್ಕೆ ತಿರುಗಿಸಬೇಕೆಂಬುದು ಆಂಟಿಯ ಹಟ. ತಿರುವು ಹೆಚ್ಚಾದರೆ ಶಕ್ತಿ ಹೋಗುತ್ತದೆ, ಮೇಲಾಗಿ ಕಾಲೂ ಬೇಯುತ್ತದೆ ಎಂದು ಎಂಜಿನ್ ಕಟ್ಟಿಕೊಟ್ಟಿದ್ದ ಟೆಕ್ಸಾಸಿನ ಮುದುಕ ಗೊಣಗುತ್ತಿದ್ದ.

ಪೈಪು ತಿರುಗಿಸಿ ಓಡಿಸಿದ ಮೊದಲ ಸಲ ಅವನ ಮಾತೇ ನಿಜವಾಯಿತು. ಶಾಖ ತಡೆಯಲು ಹಾಕಿದ್ದ ತಗಡು ಕಳಚಿಬಿದ್ದು, ಕಾಲಿಗೆ ಬಿಸಿ ತಾಳಲಾಗದೆ ಆಂಟಿ ರೇಸಿನ ನಡುವೆಯೇ ಹೊರಬಂದರು. ಇಳಿಯುವ ಗಡಿಬಿಡಿಯಲ್ಲಿ ಪೈಪಿಗೆ ಕೈ ತಾಗಿತು. ಪಕ್ಕದ ತಂಡದ ಡ್ರೈವರ್ ತನ್ನವರೊಡನೆ ನಗುತ್ತ, ಆ ಪೈಪಿನ ಮೇಲೆ ರೊಟ್ಟಿ ಸುಡಬಹುದು ಎಂದ. ಆಂಟಿ ಕೈಗೆ ಐಸ್ ಒತ್ತಿಕೊಂಡೇ ನನ್ನತ್ತ ತಿರುಗಿ, "ತಗಡು ಸೋತೈತಿ, ಪೈಪು ಸೋತಿಲ್ಲ. ಲೆಕ್ಕ ಮತ್ತ ಹಾಕೂಣು" ಎಂದರು.

ಕಾಲೇಜು ಮುಗಿದ ಮೇಲೆ ಮೊದಲ ಬಾರಿಗೆ ನಾನು ಪೈಪಿನ ಉದ್ದ, ಬಾಗು, ಶಾಖ ಎಂದು ಲೆಕ್ಕ ಮಾಡಿದೆ. ಬಾಗು ಥಟ್ಟನೆ ತಿರುಗದಂತೆ ಇನ್ನಷ್ಟು ಅಗಲವಾಗಿಸಿದೆವು. ಪೈಪು ಕೊಂಚ ಉದ್ದವಾಯಿತು. ಅದರಿಂದ ನೇರ ದಾರಿಯ ಕೊನೆಯಲ್ಲಿ ವೇಗ ತುಸು ತಗ್ಗಿದರೂ, ತಿರುವಿನಿಂದ ಹೊರಬರುವಾಗ ಕಾರು ಮೊದಲಿಗಿಂತ ಬಲವಾಗಿ ಎಳೆಯುತ್ತಿತ್ತು. ಕಾಲಿನ ಬದಿಗೆ ಗಾಳಿ ಆಡಲು ಜಾಗ ಬಿಟ್ಟು, ಎರಡು ಪದರದ ತಗಡು ಹಾಕಿದೆವು.

ಡಲ್ಲಾಸ್‌ನಿಂದ ಆಸ್ಟಿನ್‌ಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಟ್ರ್ಯಾಕಿನಲ್ಲಿ ಮುಂದಿನ ರೇಸ್ ಇತ್ತು. ಆ ಶನಿವಾರ ಸಂಜೆ ಆಂಟಿ ಹಿಂದಿನ ಸಾಲಿನಿಂದ ಹೊರಟರು. ರೊಟ್ಟಿಯ ಮಾತಾಡಿದ್ದವನ ಕಾರು ಒಳದಿಬ್ಬ ಏರಿ ಪೈಪು ಜಜ್ಜಿಕೊಂಡು ಕೆಮ್ಮತೊಡಗಿತು. ಆಂಟಿಯದೂ ಅದೇ ದಿಬ್ಬ ಏರಿತು. ಮಣ್ಣು ಸಿಡಿಯಿತು, ಪೈಪು ಉಳಿಯಿತು. ಅವನನ್ನು ಹಿಂದೆ ಹಾಕಿ ಎರಡನೆಯವರಾಗಿ ಬಂದರು. ಹೆಲ್ಮೆಟ್ ತೆಗೆದವರೇ ಅವನಿದ್ದಲ್ಲಿಗೆ ನಡೆದು, ನಿನ್ನ ಪೈಪು ಬಿಚ್ಚಲು ಕೈ ಬೇಕೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವನು ನಗಲಿಲ್ಲ. ಬೇಕು ಎಂದ.

ಹ್ಯೂಸ್ಟನ್ನಿನಲ್ಲಿ ನನಗೆ ಎಂ.ಎಸ್. ಸೀಟು ಸಿಕ್ಕಾಗ ಗಂಡನನ್ನು ಬಿಟ್ಟು ಹೋಗುವುದೇ ಎಂದು ಎರಡೂ ಮನೆಯವರು ಫೋನಿನಲ್ಲಿ ಅತ್ತರು. ಆಂಟಿ ನನ್ನ ಗಂಡನನ್ನು ಕರೆದು ಕೂರಿಸಿಕೊಂಡು, "ಅಡಗಿ ಕಲಿಯಾಕ ನಿನಗ ಯಾವ ವೀಸಾ ಬೇಕಪಾ?" ಎಂದರು. ಅವನು ನಕ್ಕುಬಿಟ್ಟ. ನಾನು ಹೋದೆ.

ಮರುವರ್ಷ ಆಂಟಿಗೆ ಕ್ಯಾನ್ಸರ್ ಎಂದು ತಿಳಿಯಿತು. ರೇಸಿನ ಹೆಸರೆತ್ತಬೇಡಿ ಎಂದರಂತೆ ಡಾಕ್ಟರು. ಓಡಿಸಬೇಡಿ ಎನ್ನುವುದನ್ನು ಮಾತ್ರ ಆಂಟಿ ಒಪ್ಪಿದರು. ಕಾರನ್ನು ಒಬ್ಬ ಹುಡುಗಿಗೆ ಓಡಿಸಲು ಕೊಟ್ಟು, ತಲೆಗೆ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ಟ್ರ್ಯಾಕಿನ ಬೇಲಿಯ ಬಳಿ ಕುರ್ಚಿಯಲ್ಲಿ ಕೂತು, ಅವಳಿಗೆ ಅರ್ಥವಾಗದ ಹುಬ್ಬಳ್ಳಿ ಕನ್ನಡದಲ್ಲಿ ಬೈಯುತ್ತಿದ್ದರಂತೆ.

ಅವರು ಹೋದಾಗ ನನ್ನ ಕೊನೆಯ ಪರೀಕ್ಷೆಗಳು ನಡೆದಿದ್ದವು. ಅಂಕಲ್ ಫೋನ್ ಮಾಡಿದ್ದು ಎಲ್ಲ ಮುಗಿದ ಮೇಲೆ. "ಆಕೀನ ಹೇಳಿದ್ಳವಾ, ಪರೀಕ್ಷೆ ಮುಗಿಯೂತನಕ ತಿಳಸಬ್ಯಾಡ್ರಿ ಅಂತ" ಎಂದರು. ಈ ಒಂದು ವಿಷಯದಲ್ಲಿ ಆಂಟಿಯ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ತಿಳಿಸಿದ್ದರೆ ಪರೀಕ್ಷೆ ಬಿಟ್ಟು ಹೊರಟುಬಿಡುತ್ತಿದ್ದೆ. ಅದು ಅವರಿಗೆ ಗೊತ್ತಿತ್ತು.