ಡೆಫಿನೆಟ್ಲಿ ಅನ್ನೋದಿಲ್ಲ, ಏನು ಮಾಡ್ತೀರಿ?

ನಮ್ಮ ಮನೆಯ ರೇಷ್ಮೆಹುಳ ಹಣ್ಣಾಗುವ ವಾರ ಏನೇನು ಕೆಡಬಹುದಿತ್ತು ಎಂಬ ಪಟ್ಟಿ ನನ್ನ ತಲೆಯಲ್ಲಿ ಹದಿನೈದು ದಿನ ಮೊದಲೇ ಸಿದ್ಧವಿತ್ತು. ಪಕ್ಕದ ಟೊಮೆಟೊ ತೋಟಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ಬಂದು ನಮ್ಮ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂರಬಹುದಿತ್ತು. ಹುಳಕ್ಕೆ ಹಾಲುತೊಂಡೆ ರೋಗ ಬರಬಹುದಿತ್ತು. ಹುಳದ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ ಪರದೆಯಲ್ಲಿ ತೂತು ಹುಡುಕಿಕೊಳ್ಳಬಹುದಿತ್ತು. ಇರುವೆ ಬರಬಹುದಿತ್ತು, ಹಲ್ಲಿ ಬರಬಹುದಿತ್ತು, ಇವೆರಡನ್ನೂ ಓಡಿಸಲು ಹೋಗಿ ನಾನೇ ಹುಳದ ತಟ್ಟೆಗಳನ್ನು ಬೀಳಿಸಬಹುದಿತ್ತು. ಈ ಕೊನೆಯದು ನನ್ನ ಹೆಂಡತಿ ಸರೋಜಳ ಸೇರ್ಪಡೆ. ಎಲ್ಲಕ್ಕಿಂತ ಮಿಗಿಲಾಗಿ, ಹುಳ ಆರಿಸಲು ಜನವೇ ಬಾರದೆ ಹೋಗಬಹುದಿತ್ತು. ಇದ್ಯಾವುದೂ ಆಗಲಿಲ್ಲ. ಕೆಟ್ಟದ್ದು ಒಂದೇ ಒಂದು, ಅದೂ ಸಣ್ಣದು. ಅದನ್ನು ಕೊನೆಗೆ ಹೇಳುತ್ತೇನೆ. ಬಹುಶಃ.

ಈ ‘ಬಹುಶಃ’ ನಮ್ಮ ಮನೆಯ ಹಳೆಯ ಜಗಳ. ಮದುವೆಗೆ ಮುಂಚೆ, ಹುಡುಗಿ ಒಪ್ಪಿಗೆಯಾ ಎಂದು ಹಿರಿಯರು ಕೇಳಿದಾಗಲೂ ನಾನು ಇದೇ ಪದ ಬಳಸಿದೆನಂತೆ. ನನಗೆ ನೆನಪಿಲ್ಲ. ಸರೋಜಳಿಗಿದೆ.

ನಾನು ಇಂಗ್ಲಿಷ್ ಮೇಷ್ಟ್ರು. ಮಾಲೂರು, ಶ್ರೀನಿವಾಸಪುರ, ಮುಳಬಾಗಿಲು ಎಲ್ಲಾ ಸುತ್ತಿ ಈಗ ಕೋಲಾರದ ಒಂದು ಹೈಸ್ಕೂಲಿನಲ್ಲಿದ್ದೇನೆ. ಮನೆ ಹುತ್ತೂರಿನ ಕಡೆ ಒಂದು ಹಳ್ಳಿ. ಹೋದಲ್ಲೆಲ್ಲ ನಾನು ಕಂಡಿದ್ದೇನೆಂದರೆ, ಜನ ಬೇರೆ ಯಾವ ಇಂಗ್ಲಿಷ್ ಪದವನ್ನು ಬಿಟ್ಟರೂ ‘ಡೆಫಿನೆಟ್ಲಿ’ಯನ್ನು ಬಿಡುವುದಿಲ್ಲ. ಅದಕ್ಕೆ ಬಳಗವೂ ದೊಡ್ಡದು. ಮದುವೆಗೆ ಕರೆದರೆ ‘ಖಂಡಿತಾ’. ಪಂಪ್‌ಸೆಟ್ ರಿಪೇರಿಯವನು ‘ಗ್ಯಾರಂಟಿ’. ಮುಳಬಾಗಿಲಿನ ಕಡೆ ‘ತಪ್ಪಕುಂಡಾ’. ನನ್ನ ಸಹೋದ್ಯೋಗಿ ಸಾಬರು ‘ಜರೂರ್’. ಇಷ್ಟು ಜನ ಇಷ್ಟು ಭಾಷೆಯಲ್ಲಿ ಮಾತು ಕೊಟ್ಟರೂ ನಮ್ಮ ಪಂಪ್‌ಸೆಟ್ ಇನ್ನೂ ರಿಪೇರಿಯಾಗಿಲ್ಲ.

ಒಂಬತ್ತನೇ ಕ್ಲಾಸಿಗೆ ಇದನ್ನೇ ಪಾಠ ಮಾಡುತ್ತಿದ್ದೆ. ಸರ್ಟನ್ಲಿ, ಶ್ಯೂರ್ಲಿ, ಅನ್‌ಡೌಟೆಡ್ಲಿ ಎಂದು ಬೋರ್ಡಿನ ಮೇಲೆ ಬರೆದು, ಒಂದೊಂದು ವಾಕ್ಯ ಹೇಳಿ ಎಂದೆ. ಮೂರನೇ ಬೆಂಚಿನ ಹುಡುಗಿ ಎದ್ದು, “ಮೈ ಅಂಕಲ್ ವಿಲ್ ಡೆಫಿನೆಟ್ಲಿ ಕಮ್” ಅಂದಳು.

“ಸರಿಯಾಗಿದೆ. ಬಂದ್ರೇನಮ್ಮಾ?”

“ಇಲ್ಲ ಸಾರ್. ಮೂರು ವರ್ಷದಿಂದ ಹಂಗೇ ಅಂತವ್ರೆ.”

ಇಡೀ ಕ್ಲಾಸು ನಕ್ಕಿತು. ನಾನು ಮಾತ್ರ ನಗಲಿಲ್ಲ. ಪದವನ್ನು ಸಂದರ್ಭದಲ್ಲಿಟ್ಟು ತೋರಿಸುವುದು ಅಂದರೆ ಅದೇ.

ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿತ್ತೇನೋ. ‘ಖಂಡಿತ’ ಎಂದರೆ ಸಂಸ್ಕೃತದಲ್ಲಿ ಕಡಿದದ್ದು, ಮುರಿದದ್ದು. ಅಂದರೆ ಮಾತು ಕೊಡುವಾಗಲೇ ಮುರಿದು ಕೊಡುತ್ತೇವೆ. ‘ಬಹುಶಃ’ ಎಂದರೆ ಹಲವು ಬಗೆಯಲ್ಲಿ, ಹಲವು ಬಾರಿ. ಹೀಗೂ ಆಗಬಹುದು, ಹಾಗೂ ಆಗಬಹುದು ಎಂದು ಎಲ್ಲ ಬಾಗಿಲನ್ನೂ ತೆರೆದಿಡುವ ಮರ್ಯಾದಸ್ಥ ಪದ. ಇದನ್ನು ಪುಕ್ಕಲುತನ ಅನ್ನುವವರು ಅನ್ನಲಿ. ನಾನು ಪುಕ್ಕಲ ಎಂಬುದು ಬೇರೆ ವಿಷಯ.

ಹುಳಕ್ಕೆ ಬರೋಣ. ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ಹಳದಿಗೆ ತಿರುಗಿ, ಗೂಡು ಕಟ್ಟಲು ಜಾಗ ಹುಡುಕುತ್ತಾ ತಲೆಯೆತ್ತಿತು ಅಂದರೆ ಹುಳ ಹಣ್ಣಾಯಿತು. ಅದನ್ನು ಅವತ್ತೇ ಆರಿಸಿ ಬಿದಿರಿನ ತಡಿಕೆಗೆ, ಅಂದರೆ ಚಂದ್ರಿಕೆಗೆ, ಹಾಕಬೇಕು. ತಡವಾದರೆ ಕಸದಲ್ಲೇ ಗೂಡು ಕಟ್ಟಿಕೊಂಡು ಇಡೀ ಬೆಳೆ ಹಾಳು. ಒಂದು ಮನೆಯವರ ಕೈ ಸಾಲದು. ಅದಕ್ಕೇ ನಮ್ಮ ಕಡೆ ಮುಯ್ಯಾಳು: ಇವತ್ತು ಅವರ ಮನೆಗೆ ನಾವು, ನಾಳೆ ನಮ್ಮ ಮನೆಗೆ ಅವರು. ಕೂಲಿಯಿಲ್ಲ, ಬಾಯಿಮಾತು ಅಷ್ಟೇ. ಇದು ಸರೋಜ ಒಬ್ಬಳೇ ನಿಂತು ಸಾಕಿದ ಮೊದಲ ಬೆಳೆ. ಕೆಟ್ಟರೆ ಹುಳದ ಶೆಡ್ಡಿಗೆ ಬೀಗ ಹಾಕ್ತೀನಿ ಅಂದಿದ್ದಳು. ಅವಳು ‘ಬಹುಶಃ’ ಬಳಸುವವಳಲ್ಲ.

ಜನರನ್ನು ಕರೆಯುವ ಕೆಲಸ ನನ್ನ ಪಾಲಿಗೆ ಬಂತು. ಕೆಳಗಿನ ಬೀದಿಯ ಮುನಿಯಮ್ಮಕ್ಕನಿಗೆ ಫೋನ್ ಮಾಡಿ, “ಅಕ್ಕಾ, ಹುಳ ಬಹುಶಃ ಭಾನುವಾರ ಹಣ್ಣಾಗ್ತದೆ. ಬಿಸಿಲು ಜಾಸ್ತಿ ಆದ್ರೆ ಶನಿವಾರವೇ ಆಗಬಹುದು. ಮೋಡ ಆದ್ರೆ ಸೋಮವಾರಕ್ಕೂ ಹೋಗಬಹುದು” ಅಂದೆ.

“ನೋಡಾಣ ಬಿಡಪ್ಪಾ” ಎಂದು ಅವರು ಫೋನ್ ಇಟ್ಟರು.

ಸರೋಜ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. “ಏನ್ರೀ ಇದು, ಕರೆಯೋದಾ ಹವಾಮಾನ ವರದೀನಾ? ಹಿಂಗೆ ಕರೆದ್ರೆ ನಮ್ಮನೆ ನಾಯೀನೂ ಬರಲ್ಲ. ಒಂದ್ಸಲ ಡೆಫಿನೆಟ್ಲಿ ಅಂದ್ರೆ ನಿಮ್ ಹಲ್ಲು ಉದುರ್ತವಾ?”

“ಅನ್ನೋದಿಲ್ಲ” ಅಂದೆ. “ಹುಳ ನಂಗೆ ಮಾತು ಕೊಟ್ಟಿಲ್ಲ. ನಾನು ಹೆಂಗೆ ಕೊಡ್ಲಿ?”

ಅವಳು ಫೋನ್ ಕಿತ್ತುಕೊಂಡು, ಉಳಿದ ನಾಲ್ಕು ಮನೆಗೆ ತಾನೇ ಹೇಳಿದಳು. ಡೆಫಿನೆಟ್ಲಿ ಭಾನುವಾರ, ಬೆಳಗ್ಗೆ ಏಳಕ್ಕೆ. ನಾಲ್ಕೂ ಕಡೆಯಿಂದ ಒಂದೇ ಉತ್ತರ ಬಂತು: “ಡೆಫಿನೆಟ್ಲಿ ಅಕ್ಕಾ!” ನನ್ನ ಕಡೆ ನೋಡಿದಳು. ಆ ನೋಟವನ್ನು ನಾನು ಇಲ್ಲಿ ಬರೆಯುವುದಿಲ್ಲ.

ಬಿಸಿಲು ಜಾಸ್ತಿಯಾಯಿತು. ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಬಸ್ಸಿಳಿಯುವಷ್ಟರಲ್ಲಿ ಸರೋಜಳ ಫೋನು, “ರೀ, ಎಲ್ಲಾ ತಲೆ ಎತ್ತಿಬಿಟ್ಟವೆ.” ನಾಲ್ಕು ಮನೆಗೂ ಆಗಲೇ ಫೋನ್ ಮಾಡಿದ್ದಳಂತೆ. ಒಬ್ಬರು ಮಾಲೂರಿನ ಮದುವೆಯಲ್ಲಿ, ಒಬ್ಬರು ಮಾರ್ಕೆಟ್ಟಿನಲ್ಲಿ, ಇಬ್ಬರು ಫೋನೇ ಎತ್ತಲಿಲ್ಲ. ಎತ್ತಿದವರದು ಒಂದೇ ಮಾತು: “ನಾಳೆ ಅಲ್ವೇನಕ್ಕಾ? ನೀವೇ ಡೆಫಿನೆಟ್ಲಿ ಅಂದ್ರಲ್ಲಾ?”

ನಾನು ಓಡಿದೆ. ದಾರಿಯುದ್ದಕ್ಕೂ ಶೆಡ್ಡಿಗೆ ಬೀಗ ಬಿದ್ದದ್ದೇ ಕಣ್ಣ ಮುಂದೆ. ಬಾಗಿಲಲ್ಲಿ ಚಪ್ಪಲಿಗಳ ರಾಶಿ ಕಂಡಿತು. ಒಳಗೆ ಮುನಿಯಮ್ಮಕ್ಕ, ಅವರ ಇಬ್ಬರು ಸೊಸೆಯರು, ನೆಂಟರ ಮನೆಯಿಂದ ಬಂದಿದ್ದ ಮೂವರು ಹೆಂಗಸರು, ಎಲ್ಲರ ಕೈಯೂ ತಟ್ಟೆಯ ಮೇಲೆ.

“ಬಿಸಿಲು ನೋಡ್ದೆ, ನಿನ್ ಮಾತು ನೆನಪಾಯ್ತು, ಬಂದ್ಬಿಟ್ವಿ” ಅಂದರು ಅಕ್ಕ ತಲೆಯೆತ್ತದೆ. “ನಿಂತ್ಕೊಂಡು ನೋಡ್ತೀಯಾ, ಕೈ ತೊಳ್ಕೊಂಡು ಬರ್ತೀಯಾ?”

ಹೊತ್ತು ಮುಳುಗುವಷ್ಟರಲ್ಲಿ ಕೊನೆಯ ಹುಳವೂ ಚಂದ್ರಿಕೆ ಸೇರಿತು. ಸರೋಜ ಎಲ್ಲರಿಗೂ ಮುದ್ದೆ, ಬಸ್ಸಾರು ಬಡಿಸಿದಳು. ನನಗೆ ಮಾತ್ರ ಕೇಳದೆಯೇ ಎರಡನೇ ಸಲ ತುಪ್ಪ ಹಾಕಿದಳು. ನಮ್ಮ ಮನೆಯಲ್ಲಿ ಸೋಲೊಪ್ಪಿಕೊಳ್ಳುವುದು ಹೀಗೆ. ನಾನು ಗೆದ್ದಿದ್ದೆ. ‘ಬಹುಶಃ’ ಗೆದ್ದಿತ್ತು. ಇನ್ನು ಪ್ರಪಂಚದ ಯಾವ ಹೆಡ್‌ಮಾಸ್ಟರೂ ಯಾವ ಭಾವಮೈದುನನೂ ನನ್ನ ಬಾಯಿಂದ ಆ ಇನ್ನೊಂದು ಪದ ಹೊರಡಿಸಲಾರ ಎಂದುಕೊಂಡು ಜಗಲಿಗೆ ಬಂದೆ.

ಮುನಿಯಮ್ಮಕ್ಕ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದರು. “ಬರೋ ಗುರುವಾರ ನಮ್ಮ ಹುಳ ಹಣ್ಣಾಗ್ತದೆ ಕಣಪ್ಪಾ. ಬರ್ತೀಯಾ?”

ಈ ಹೆಂಗಸಿಗೆ ನನ್ನಲ್ಲಿರುವ ಅತ್ಯಂತ ದೊಡ್ಡ ಪದವನ್ನೇ ಕೊಡಬೇಕೆನಿಸಿತು.

“ಡೆಫಿನೆಟ್ಲಿ ಅಕ್ಕಾ!”

ಸುಣ್ಣದ ಬೆರಳು ಅಲ್ಲೇ ನಿಂತಿತು. “ಅಂಟೇ ರಾವನ್ನಮಾಟ” ಎಂದು ತೆಲುಗಿನಲ್ಲಿ ನಿಟ್ಟುಸಿರುಬಿಟ್ಟು, ಒಳಕ್ಕೆ ಕೂಗಿದರು. “ಸರೋಜಾ, ನಿಮ್ಮೆಜಮಾನ್ರು ಬರಲ್ವಂತೆ. ನೀನಾದ್ರೂ ಬಾರಮ್ಮಾ!”

“ನೋಡಾಣ ಇರಕ್ಕಾ” ಅಂದಳು ಸರೋಜ ಒಳಗಿನಿಂದ. ಮುನಿಯಮ್ಮಕ್ಕನ ಮುಖ ಅರಳಿತು.