ಎಣ್ಣೆಯಲ್ಲಿ ಕಂಡ ಹಲ್ಲು

ಮಾನ್ಯ ಓದುಗರಲ್ಲಿ ಸವಿನಯ ವಿನಂತಿ. ಕಚೇರಿಯ ಪತ್ರಗಳನ್ನು ಬಿಟ್ಟು ಬೇರೇನನ್ನೂ ಬರೆದವನಲ್ಲ ನಾನು. ಕಾಗುಣಿತ ತಪ್ಪಿದ್ದರೆ, ಅಕ್ಷರ ಸೊಟ್ಟಗಿದ್ದರೆ ಕ್ಷಮೆಯಿರಲಿ. ಅಂಗಿಯ ತೋಳಿಗೆ ಹತ್ತಿದ ಶೇಂಗಾ ಎಣ್ಣೆಯ ವಾಸನೆ ಒಗೆದರೂ ಹೋಗದಿರುವ ಕಾರಣ ಈ ಕೆಳಗಿನ ಸಂಗತಿಯನ್ನು ತಮ್ಮ ಅವಗಾಹನೆಗೆ ತರಬೇಕಾಗಿದೆ.

ನಾನು ಹುಟ್ಟುವಾಗಲೇ ಕೆಳದವಡೆಯ ಮುಂಭಾಗದಲ್ಲಿ ಒಂದು ಹಲ್ಲಿತ್ತಂತೆ. ಅದು ಅವಸರಪಟ್ಟು ಬಂದ ಹಾಲುಹಲ್ಲು, ಹೀಗೆ ಬರುವವು ಹೆಚ್ಚಾಗಿ ಕೆಳಗಿನ ಮುಂದಿನ ಹಲ್ಲುಗಳೇ, ಅದರಿಂದ ಯಾರಿಗೂ ಕೇಡಿಲ್ಲ ಎಂದು ಶಿವಾಜಿನಗರದ ದಂತವೈದ್ಯರು ತಿಳಿಸಿದ್ದು ನನಗೆ ಮೂವತ್ತು ದಾಟಿದ ಮೇಲೆ. ನಮ್ಮವರ ತಿಳಿವಳಿಕೆ ಬೇರೆ. ಹಲ್ಲಿನೊಂದಿಗೆ ಹುಟ್ಟಿದ ಕೂಸು ಸೋದರಮಾವನಿಗೆ ಆಗಿಬರುವುದಿಲ್ಲ. ಪರಿಹಾರವೆಂದರೆ ಮಾವನಾದವನು ಕೂಸಿನ ಮುಖವನ್ನು ಮೊದಲು ತಟ್ಟೆಯ ಎಣ್ಣೆಯಲ್ಲಿ ನೋಡಬೇಕು, ಆಮೇಲೆ ನೇರವಾಗಿ. ನನ್ನ ಮಾವ ಎಣ್ಣೆಯಲ್ಲಿ ನೋಡಿದ. ನೇರವಾಗಿ ನೋಡುವ ಧೈರ್ಯ ಅವನಿಗೆ ಕಡೆತನಕ ಬರಲಿಲ್ಲ. ನಾನು ಎದುರಾದರೆ ಗೋಡೆಯ ಕ್ಯಾಲೆಂಡರಿನತ್ತ ನೋಡುತ್ತ ಮಾತಾಡುತ್ತಿದ್ದ.

ನಾನು ಏಳನೆಯ ತರಗತಿಯಲ್ಲಿದ್ದಾಗ ಅವನು ಜ್ವರದಿಂದ ತೀರಿಕೊಂಡ. ಅವ್ವನೊಂದಿಗೆ ಹೋದ ನನ್ನನ್ನು ಅತ್ತೆ ಬಾಗಿಲಲ್ಲೇ ತಡೆದಳು: "ಆ ಹಲ್ಲಿನ ಹುಡುಗನ್ನ ಹೊರಗ ನಿಲ್ಲಸ್ರಿ." ಅವ್ವನಿಗೆ ತವರು ಅಂದಿಗೆ ಮುಗಿಯಿತು. ಹಲ್ಲು ಮಾತ್ರ ನಾನು ತಿಂಗಳ ಕೂಸಾಗಿದ್ದಾಗಲೇ ಬಿದ್ದುಹೋಗಿತ್ತು.

ಹೋದ ವಾರ ಪಿಂಪ್ರಿಯಲ್ಲಿ ತಂಗಿಗೆ ಮಗಳು ಹುಟ್ಟಿದಳು. ಕೆಳಗೆ ಎರಡು ಹಲ್ಲು, ಅಕ್ಕಿಯ ನುಚ್ಚಿನಂತೆ. ನಾನು ಆಸ್ಪತ್ರೆಗೆ ಹೋದಾಗ ಅವ್ವ ಸ್ಟೀಲಿನ ತಟ್ಟೆಗೆ ಎಣ್ಣೆ ಸುರಿಯುತ್ತಿದ್ದಳು. ತಂಗಿ ಕೂಸಿನ ಮುಖದ ಮೇಲೆ ಸೆರಗು ಎಳೆದಿದ್ದಳು.

"ಯವ್ವಾ, ಇದರಿಂದನ ನಿನ್ನ ತವರು ಹೋತು. ಮತ್ತ ಇದನ್ನ ಮಾಡ್ತೀಯಲ್ಲ?" ಎಂದೆ.

"ಅಣ್ಣನ್ನ ಕಳಕೊಂಡೇನಿ. ಶಾಣ್ಯಾತನ ಸಾಕು, ಬಗ್ಗು," ಎಂದಳು ಅವ್ವ.

ತಂಗಿ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಅವಳನ್ನು ಕೇಳಿದೆ: "ನೀನೂ ನಂಬ್ತೀಯೇನ?"

"ನಂಬೂದಿಲ್ಲಣ್ಣಾ. ಆದರ ನಾಳೆ ನಿನಗೇನರ ಆದ್ರ, ಮಾವನ್ನ ತಿಂದಾಕಿ ಅಂತ ಇಕಿಗೆ ಹೆಸರಿಡ್ತಾರ. ನಿನಗ ಅಂದದ್ದು ಕೇಳ್ಕೋತನ ಬೆಳದೇನಿ ನಾ."

ತಂಗಿ ಸೆರಗು ಸರಿಸಿ ಕೂಸನ್ನು ತಟ್ಟೆಯ ಮೇಲೆ ಹಿಡಿದಳು. ನಾನು ಬಗ್ಗಿದೆ, ತೋಳು ತಟ್ಟೆಗೆ ತಾಗಿತು. ಎಣ್ಣೆ ಅಲುಗಿ ನಿಂತ ಮೇಲೆ ಆಕಳಿಸುವ ಒಂದು ಬಾಯಿ, ಎರಡು ಬಿಳಿ ಚುಕ್ಕೆ ಕಂಡವು. ಆಮೇಲೆ ಕೂಸನ್ನು ಎತ್ತಿಕೊಂಡು, ಅವ್ವ ಸಾಕೆನ್ನುವವರೆಗೂ ನೇರವಾಗಿ ನೋಡಿದೆ.

ಈಗ ರಕ್ತದೊತ್ತಡದ ಮಾತ್ರೆ ತಪ್ಪಿಸುವುದಿಲ್ಲ. ರಸ್ತೆ ದಾಟುವಾಗ ಎರಡೂ ಬದಿ ನೋಡಿ, ಮತ್ತೊಮ್ಮೆ ನೋಡುತ್ತೇನೆ. ಸೀನು ಬಂದರೂ ಆ ಹುಡುಗಿಯ ನೆನಪಾಗುತ್ತದೆ. ಯಾರೂ ಕಾರಣ ಹುಡುಕದಷ್ಟು ಮುದುಕನಾಗುವವರೆಗೆ ನನಗೆ ಸಾಯುವ ಅನುಮತಿ ಇರುವುದಿಲ್ಲ.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ತಾವು ದಯವಿಟ್ಟು ತಿದ್ದಿ ಓದಿಕೊಳ್ಳಬೇಕಾಗಿ ಕೋರುತ್ತೇನೆ.