ಕಾಫಿಗೆ ನಿಲ್ಲದೆ ಹಳೇಬೀಡು ತಲುಪಿದ್ದು

ಶುಕ್ರವಾರ ಆಫೀಸಲ್ಲಿ ಬಾವುಟ ಹಾರಿಸಿ, ಅವ್ರು ಕೊಟ್ಟ ಬೂಂದಿ ಪೊಟ್ಟಣ ಬ್ಯಾಗಿಗೆ ತುರುಕ್ಕೊಂಡು, ನಾನೂ ನಮ್ಮೆಜಮಾನ್ರೂ ತುಮಕೂರಲ್ಲಿ ಅರಸೀಕೆರೆ ರೈಲು ಹತ್ತಿದ್ವಿ. ಎರಡು ಸಾವಿರದ ಇಸವಿ ದಾಟಿ ಎರಡ್ಮೂರು ವರ್ಷ ಆಗಿತ್ತು. ಸ್ವಾತಂತ್ರ್ಯ ದಿನ ಶುಕ್ರವಾರ ಬಿದ್ದು ಮೂರು ದಿನ ರಜ ಒಟ್ಟಿಗೆ ಸಿಕ್ಕಿತ್ತು. ಊರಿಗೆ ಊರೇ ರೈಲಲ್ಲಿತ್ತು. ತಿಪಟೂರು ತನಕ ನಿಂತೇ ಹೋದೆ.

ಮೊನ್ನೆ ನನ್ನ ಪೋಸ್ಟ್ ಕೆಳಗೆ ಒಬ್ರು ಕೇಳಿದ್ರು, "ಮೇಡಂ, ಲಾಂಗ್ ವೀಕೆಂಡಿಗೆ ಬೇಲೂರು ಹಳೇಬೀಡು ಹೋಗ್ತೀವಿ, ಎಲ್ಲೆಲ್ಲಿ ನಿಲ್ಲಬೇಕು ಹೇಳಿ" ಅಂತ. ಎಲ್ಲೆಲ್ಲಿ ನಿಲ್ಲಬಾರದು ಅನ್ನೋದು ಮೊದ್ಲು ಗೊತ್ತಿರ್ಬೇಕು ಕಣ್ರೀ. ಅದನ್ನ ಕಲಿಯೋಕೆ ನಮ್ಮನೆಯೋರಿಗೆ ಹತ್ತಿಪ್ಪತ್ತು ವರ್ಷ ಬೇಕಾಯ್ತು.

ನಮ್ಮ ಭಾವಂದು ಅರಸೀಕೆರೇಲಿ ಕೊಬ್ಬರಿ ಮಂಡಿ. ಸುತ್ತ ಹತ್ತೂರಿಂದ ಕೊಬ್ಬರಿ ತಂದು ಹಾಕೋರೆಲ್ಲ ಅವ್ರಿಗೆ ನೆಂಟರ ಥರ. ನಮ್ಮ ಕಡೆ ಗೊತ್ತಿರೋರ ಮನೆ ಮುಂದೆ ಗಾಡಿ ನಿಲ್ಲಿಸ್ದೆ ಹೋದ್ರೆ ಅದು ಅವಮಾನ. ನಿಲ್ಲಿಸಿ, ಕಾಫಿ ಕುಡೀದೆ ಎದ್ರೆ ಇನ್ನೂ ದೊಡ್ಡ ಅವಮಾನ. ಕಾಫಿಗೆ ಅಂತ ಕೂತ್ರೆ ತಿಂಡಿ. ತಿಂಡಿ ಆದ್ಮೇಲೆ ತೋಟ ನೋಡ್ಬೇಕು. ಅರಸೀಕೆರೆಯಿಂದ ಹಳೇಬೀಡು ಅಬ್ಬಬ್ಬಾ ಅಂದ್ರೆ ಒಂದೂವರೆ ಗಂಟೆ ದಾರಿ. ಭಾವನ ಮನೆಯೋರು ಮೂರು ಸಲ ಹೊರಟಿದ್ರು, ಮೂರು ಸಲಾನೂ ಹೋಗೋ ಹೊತ್ತಿಗೆ ದೇವಸ್ಥಾನದ ಗೇಟು ಹಾಕಿತ್ತು.

ಮೂರನೇ ಸಲ ನಾನೂ ಇದ್ದೆ. ಹಳೇಬೀಡಿನ ಪಕ್ಕದಲ್ಲೇ ಪದ್ಮರಾಜಯ್ಯ ಅಂತ, ಜೈನರು, ತೆಂಗಿನ ತೋಟ ಇರೋರು, ಬಹಳ ಮರ್ಯಾದಸ್ಥರು. ಅವ್ರ ಮನೇಲಿ ಹೊತ್ತು ಮುಳುಗಿದ್ಮೇಲೆ ಯಾರೂ ಉಣ್ಣಲ್ಲ. "ಬೆಳಕಿದ್ದಾಗ್ಲೇ ಊಟ ಮುಗಿಸ್ಕೊಂಡು ಆಮೇಲೆ ನೋಡೋಕೆ ಹೋಗಿ" ಅಂತ ಎಲೆ ಹಾಕಿಸಿಬಿಟ್ರು. ಉಂಡು ಕೈ ತೊಳೆಯೋ ಹೊತ್ತಿಗೆ ಹೊತ್ತೂ ಮುಳುಗ್ತು, ಗೇಟೂ ಬಿತ್ತು. ನಾವು ಕಬ್ಬಿಣದ ಸರಳು ಹಿಡ್ಕೊಂಡು ಕತ್ತಲಲ್ಲಿ ಒಂದು ಗುಡ್ಡೆ ನೋಡಿ ವಾಪಸ್ ಬಂದ್ವಿ.

ಈ ಸಲ ಶುಕ್ರವಾರ ಸಂಜೆ ರೈಲಲ್ಲಿ ಅರಸೀಕೆರೆ ಮುಟ್ಟಿದ್ವಿ. ಊರಲ್ಲೇ ಇರೋ ಶಿವಾಲಯಕ್ಕೆ ಮೊದ್ಲು ಹೋಗ್ಬಂದ್ವಿ. ಅದರ ಮುಂದಿನ ಮಂಟಪ ನಕ್ಷತ್ರದ ಥರ ಮೂಲೆ ಮೂಲೆಯಾಗಿ ಕೊರೆದಿರೋದು, ನೋಡ್ದೆ ಹೋಗ್ಬೇಡಿ. ಮನೆಗೂ ಗುಡಿಗೂ ನಡುವೆ ಯಾರ ಮನೇಲೂ ಕಾಫಿ ಆಗಲಿಲ್ಲ, ಅದೇ ಒಳ್ಳೆ ಶಕುನ ಅಂದ್ಕೊಂಡೆ.

ಮನೇಲಿ ಚಕ್ಲಿ ತಟ್ಟೆ ಮುಂದೆ ಇಟ್ಕೊಂಡು ಕೂತಾಗ ನಮ್ಮ ಸರೋಜಕ್ಕ, ಅಂದ್ರೆ ಭಾವನ ಹೆಂಡ್ತಿ, ತಣ್ಣಗೆ ಒಂದು ಮಾತು ಹೇಳಿದ್ಲು.

"ನಾಳೆ ಹಳೇಬೀಡು ಒಳಗೆ ಕಾಲಿಡಲಿಲ್ಲ ಅಂದ್ರೆ ನಾನು ಇನ್ಮೇಲೆ ಈ ಮಂಡಿ ವ್ಯಾನು ಹತ್ತಲ್ಲ. ತಿರುಪತಿಗೆ ಕರೆದ್ರೂ ಇಲ್ಲ, ಮದುವೆಗೆ ಕರೆದ್ರೂ ಇಲ್ಲ."

ಭಾವ ನಕ್ರು. ನಾನು ನಗಲಿಲ್ಲ, ಯಾಕಂದ್ರೆ ಅಕ್ಕ ಹಾಗೆಲ್ಲ ಮಾತಾಡೋಳಲ್ಲ. ಅವಳ ಅಡುಗೆಮನೇಲಿ, ಒಲೆ ಪಕ್ಕ, ಹಳೇ ಕ್ಯಾಲೆಂಡರಿನ ಹಳೇಬೀಡು ಚಿತ್ರ ಅಂಟಿಸಿದಾಳೆ. ಗೋಡೆ ಬುಡದಲ್ಲಿ ಆನೆ ಸಾಲು ಹೋಗ್ತಿರುತ್ತೆ, ಚಿತ್ರದ ಅಂಚಲ್ಲಿ ಕೊನೇ ಆನೆ ಅರ್ಧಕ್ಕೇ ಕಟ್ಟಾಗಿದೆ. ಹಿಂಭಾಗ ಐತೆ, ತಲೆ ಇಲ್ಲ. "ದಿನಾ ಮುದ್ದೆ ತಿರುವುತ್ತಾ ಅದನ್ನೇ ನೋಡ್ತೀನಿ ಕಣೇ. ಅದು ಎತ್ತ ಹೋಯ್ತು ಅಂತ ನೋಡ್ಬೇಕು ಅಷ್ಟೆ" ಅಂತ ಒಂದ್ಸಲ ನನ್ನತ್ರ ಹೇಳಿದ್ಲು. ಒಂದೂವರೆ ಗಂಟೆ ದೂರದಲ್ಲಿರೋ ಆನೆ ಮುಖ ನೋಡೋಕೆ ಒಂದು ಹೆಂಗಸು ಇಷ್ಟು ವರ್ಷ ಕಾಯ್ಬೇಕಾ?

"ಈ ಸಲ ಪ್ಲಾನು ನಂದು" ಅಂದೆ.

"ಏನಮ್ಮಾ ನಿನ್ ಪ್ಲಾನು?" ಅಂದ್ರು ಭಾವ.

"ಬೆಳಿಗ್ಗೆ ಬೇಗ ಹೊರಡೋದು, ಎಲ್ಲೂ ನಿಲ್ಲದೆ ಹೋಗೋದು."

"ಬಾಣಾವರದಲ್ಲಿ ನಮ್ಗೆ ಕೊಬ್ಬರಿ ಹಾಕೋ ಶಿವಣ್ಣ ರಸ್ತೇಲೇ ಕೂತಿರ್ತಾನೆ. ನಮ್ ವ್ಯಾನಿನ ಹಾರ್ನು ಅವ್ನ ನಾಯಿಗೂ ಗೊತ್ತು."

"ಹಾಗಾದ್ರೆ ಗಂಡಸಿ ಕಡೆಯಿಂದ ಸುತ್ತಾಕ್ಕೊಂಡು ಹೋಗೋಣ."

ನಮ್ಮೆಜಮಾನ್ರು ಬಾಯಿಗೆ ಹಾಕಿದ ಚಕ್ಲಿ ಕೆಮ್ಮಿ ಉಗುಳಿದ್ರು. "ಗಂಡಸಿ ಅತ್ತಿಗೆ ತವರು ಕಣೇ. ಅಲ್ಲಿಗೆ ಹೋದ್ರೆ ಸೋಮವಾರ ವಾಪಸ್ ಬರ್ತೀವಿ!"

ಎಲ್ರೂ ನಕ್ರು, ಅಕ್ಕ ಒಬ್ಬಳು ಎದ್ದು ಒಳಗೆ ಹೋದ್ಲು. ಆಗ ನನಗೆ ಹೊಳೀತು ನೋಡಿ. ಈ ಜನರನ್ನ ತಪ್ಪಿಸ್ಕೊಂಡು ಹೋಗೋಕೆ ಆಗಲ್ಲ. ಕರ್ಕೊಂಡು ಹೋಗ್ಬಹುದಲ್ಲ? ಅವ್ರ ಮನೆಗೆ ನಾವು ಹೋಗೋ ಬದ್ಲು ಅವ್ರೇ ಹಳೇಬೀಡಿಗೆ ಬರ್ಲಿ. ಕಾಫಿ, ಊಟ, ಮಾತು ಎಲ್ಲ ಅಲ್ಲಿ ಕೆರೆ ದಂಡೆ ಮೇಲೆ.

ಭಾವ ಬೆಚ್ಚಿಬಿದ್ರು. "ಯಾರಾದ್ರೂ ಹಂಗೆ ಕರೀತಾರಾ? ಮನೆಗೆ ಬರಲ್ಲ, ದಾರೀಲಿ ಸಿಗು ಅಂದಂಗಾಯ್ತು. ಬೇಜಾರಾದ್ರೆ ನಾಳೆಯಿಂದ ಕೊಬ್ಬರಿ ಬೇರೆ ಮಂಡಿಗೆ ಹಾಕ್ತಾರೆ." ತಮಾಷೆಗೆ ಹೇಳಿದ್ದಲ್ಲ ಅದು, ಮುಖ ಸಣ್ಣದಾಗಿತ್ತು.

ಆದ್ರೂ ನಾನು ಮನೆ ಫೋನಿಂದ ಶಿವಣ್ಣನಿಗೆ ಮಾಡಿದೆ. ವಿಷಯ ಹೇಳಿದೆ. ಭಾವ ನನ್ನನ್ನೇ ನೋಡ್ತಾ ಕೂತಿದ್ರು. ಆಮೇಲೆ ಶಿವಣ್ಣ ಮೆಲ್ಲಗೆ ಅಂದ್ರು, "ಅವ್ವಾ, ನಾನೂ ನೋಡಿಲ್ಲ ಕಣವ್ವ. ಹಳೇಬೀಡಿಗೆ ಹೋಗೋರಿಗೆಲ್ಲ ಕಾಫಿ ಕೊಡೋದೇ ಆಯ್ತು. ನಾನು ರಸ್ತೇಲೇ ನಿಂತಿರ್ತೀನಿ. ಮನೆಯೋಳು ಬರಲ್ಲ, ಹಸ ಕರ ಹಾಕೈತೆ."

ಪದ್ಮರಾಜಯ್ಯನವ್ರಂತೂ ನನ್ನ ಮಾತು ಮುಗಿಸೋಕೂ ಬಿಡಲಿಲ್ಲ. "ಮಧ್ಯಾಹ್ನದ ಊಟ ನಮ್ಮನೇದು. ಕೆರೆ ಹತ್ರಕ್ಕೇ ತರ್ತೀವಿ. ಈರುಳ್ಳಿ ಬೆಳ್ಳುಳ್ಳಿ ಇರಲ್ಲ, ನಡೆಯುತ್ತಾ ನಿಮಗೆ?"

ನಡೆಯುತ್ತಾ ಅಂತೆ!

ಶನಿವಾರ ಬೆಳಿಗ್ಗೆ ಕೊಬ್ಬರಿ ವಾಸನೆ ಹೊಡಿಯೋ ಆ ವ್ಯಾನಲ್ಲಿ ಹೊರಟ್ವಿ. ಮೋಡ ಮುಚ್ಚಿತ್ತು, ಸಣ್ಣಗೆ ಹನಿ. ಬಾಣಾವರದಲ್ಲಿ ಶಿವಣ್ಣ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಕೊಂಡು, ಮೀಸೆಗೆ ಎಣ್ಣೆ ಹಚ್ಕೊಂಡು, ಮದುಮಗನ ಥರ ನಿಂತಿದ್ರು. ಗಾಡಿ ನಿಂತಿದ್ದು ಅವ್ರು ಹತ್ತೋವಷ್ಟು ಹೊತ್ತು ಮಾತ್ರ. ಭಾವನಿಗೆ ನಂಬೋಕೇ ಆಗಲಿಲ್ಲ, ಎರಡು ಸಲ ಕನ್ನಡೀಲಿ ಹಿಂದೆ ನೋಡಿದ್ರು.

ಜಾವಗಲ್ ಬಂತು. ಅಲ್ಲಿ ಭಾವನಿಗೆ ಗೊತ್ತಿರೋ ಒಬ್ರು ಮೇಷ್ಟ್ರು. ಅವ್ರಿಗೆ ಫೋನ್ ಸಿಕ್ಕಿರ್ಲಿಲ್ಲ. ನಮ್ಮ ದುರದೃಷ್ಟ, ಮೇಷ್ಟ್ರು ಗೇಟಲ್ಲೇ ನಿಂತಿದ್ರು. ವ್ಯಾನು ಕಂಡಿದ್ದೇ ಎರಡೂ ಕೈ ಎತ್ತಿದ್ರು. ಭಾವನ ಕಾಲು ತಾನಾಗೇ ಬ್ರೇಕಿಗೆ ಹೋಯ್ತು.

"ಬನ್ನಿ ಬನ್ನಿ, ಒಳಗೆ ಬನ್ನಿ, ಬಿಸಿ ಉಪ್ಪಿಟ್ಟು ಈಗ ತಾನೆ ಇಳಿಸಿದಾಳೆ."

ಅಕ್ಕ ಸೀಟಲ್ಲಿ ಕಣ್ಣು ಮುಚ್ಕೊಂಡ್ಲು. ಮೂರನೇ ಸಲದ ಟ್ರಿಪ್ಪು ಕೆಡೋಕೆ ಶುರುವಾಗಿದ್ದು ಇದೇ ಗೇಟಲ್ಲಿ, ಇದೇ ಉಪ್ಪಿಟ್ಟಿಂದ. ಭಾವ ಆಗ್ಲೇ ಬಾಗಿಲು ತೆಗೀತಿದ್ರು. ನಾನು ಬಾಯಿ ಬಿಡೋಕೆ ಮುಂಚೆ ಶಿವಣ್ಣ ಕಿಟಕಿಯಿಂದ ತಲೆ ಹಾಕಿದ್ರು.

"ಮೇಷ್ಟ್ರೇ, ಯಾರೂ ಇಳಿಯಂಗಿಲ್ಲ. ಉಪ್ಪಿಟ್ಟು ಪಾತ್ರೆ ಸಮೇತ ನೀವೇ ಹತ್ತಿ!"

"ಎಲ್ಲಿಗ್ರೀ?"

"ಹಳೇಬೀಡಿಗೆ. ನೀವು ಮಕ್ಕಳಿಗೆ ಪಾಠ ಮಾಡ್ತೀರಲ್ಲ, ಅದನ್ನ ನೋಡಕ್ಕೆ!"

ಮೇಷ್ಟ್ರು ಒಂದು ಸಲ ಮನೆ ನೋಡಿದ್ರು, ಒಂದು ಸಲ ವ್ಯಾನು ನೋಡಿದ್ರು. ಒಳಗೆ ಹೋದ್ರು. ಬಂದಾಗ ಕೈಯಲ್ಲಿ ಮುಚ್ಚಳ ಕಟ್ಟಿದ ಪಾತ್ರೆ, ಕಂಕುಳಲ್ಲಿ ಛತ್ರಿ. ಹಿಂದಿನ ಸೀಟಲ್ಲಿ ಒತ್ತಿ ಕೂತು ಉಪ್ಪಿಟ್ಟನ್ನ ಪೇಪರ್ ಮೇಲೆ ಹಂಚಿದ್ರು. ಓಡೋ ಗಾಡೀಲಿ ತಿಂಡಿ ಮುಗೀತು ಕಣ್ರೀ! ಹಳೇಬೀಡು ಬಂದಾಗ ನಾನು ಕೈ ಗಡಿಯಾರ ನೋಡಿದೆ. ಬೆಳಿಗ್ಗೇನೇ. ಹಾಡುಹಗಲು. ಗೇಟು ಪೂರ್ತಿ ತೆರೆದಿತ್ತು.

ಅಕ್ಕ ಚಪ್ಪಲಿ ಬಿಟ್ಟು ಗುಡಿ ಸುತ್ತಲಿನ ಕಲ್ಲುಕಟ್ಟೆ, ಜಗತಿ ಅಂತಾರಲ್ಲ, ಅದನ್ನ ಹತ್ತಿದ್ಲು. ಮಳೇಲಿ ನೆಂದ ಕಲ್ಲು ಐಸಿನ ಹಾಗೆ ತಣ್ಣಗಿತ್ತು. ಆನೆ ಸಾಲು ಕಂಡಿದ್ದೇ ನಮ್ಮನ್ನೆಲ್ಲ ಮರೆತು ಅದರ ಜೊತೆ ನಡೆಯೋಕೆ ಶುರು ಮಾಡಿದ್ಲು. ಗೋಡೆ ಒಳಗೆ ಹೋದ್ರೆ ಆನೇನೂ ಒಳಗೆ, ಗೋಡೆ ಹೊರಗೆ ಚಾಚಿದ್ರೆ ಆನೇನೂ ಹೊರಗೆ, ಅಕ್ಕನೂ ಹಾಗೇ. ಗೈಡು "ಅಮ್ಮಾ, ಮೇಲ್ಗಡೆ ನೋಡಿ, ದೇವರುಗಳು" ಅಂತ ಕೂಗ್ತಿದ್ದ. "ದೇವ್ರು ಇರ್ಲಿ ಬಿಡಪ್ಪ" ಅಂದ್ಲು. ಹಿಂದುಗಡೆ ಒಂದು ಮೂಲೇಲಿ ಗಕ್ಕನೆ ನಿಂತ್ಲು. ನಾನು ಓಡಿದೆ.

"ಇದೇ ಕಣೇ."

"ಯಾವ್ದಕ್ಕಾ? ಎಲ್ಲಾ ಒಂದೇ ಥರ ಇದಾವಲ್ಲ."

"ನಿನಗೆ ಒಂದೇ ಥರ. ನಾನು ಇದರ ಬೆನ್ನು ದಿನಾ ನೋಡ್ತೀನಿ." ಬಗ್ಗಿ ನೋಡಿದ್ಲು. "ನೋಡು ಮುಖಾನ. ಸೊಂಡಿಲು ಮಡಚ್ಕೊಂಡು ಹೆಂಗೆ ಜಂಬ ಮಾಡ್ತೈತೆ! ಇಷ್ಟು ವರ್ಷ ಕಾಯಿಸಿದ್ದಕ್ಕೆ ಸರಿಯಾಗೈತೆ."

ಅಕ್ಕ ಅಷ್ಟು ಜೋರಾಗಿ ನಕ್ಕಿದ್ದು ನಾನು ಆವತ್ತೇ ನೋಡಿದ್ದು.

ಮಧ್ಯಾಹ್ನ ಕೆರೆ ದಂಡೆ ಮೇಲೆ ಊಟ. ಪದ್ಮರಾಜಯ್ಯನವ್ರ ಮನೆಯಿಂದ ಹೋಳಿಗೆ, ಹೆಸರುಬೇಳೆ ಕೋಸಂಬರಿ, ಬಾಳೆಕಾಯಿ ಪಲ್ಯ, ತೊವ್ವೆ. ಈರುಳ್ಳಿ ಇಲ್ಲ ಅಂತ ಒಬ್ಬರಿಗೂ ನೆನಪಾಗಲಿಲ್ಲ. ಆಮೇಲೆ ಅವ್ರೇ ಬಸದಿಗೆ ಕರ್ಕೊಂಡು ಹೋದ್ರು. ಅಲ್ಲಿನ ಕಂಬಗಳು ಕನ್ನಡಿ ಥರ ಹೊಳೀತವೆ. ಶಿವಣ್ಣ ಅದರ ಮುಂದೆ ನಿಂತು ಮೀಸೆ ತಿರುವಿದ್ರು.

"ಲೋ, ಎರಡೆರಡು ಮೀಸೆ ಕಾಣ್ತೈತಲ್ಲೋ ನಂಗೆ!"

"ಒಂದಕ್ಕೇ ಎಣ್ಣೆ ಸಾಲ್ತಿಲ್ಲ ನಿಂಗೆ, ನಡಿ" ಅಂದ್ರು ಭಾವ.

ನಾಲ್ಕರ ಮೇಲೆ ಮೋಡ ಸರೀತು. ಬಿಸಿಲು ಬಿದ್ದಿದ್ದೇ ನಾವು ವಾಪಸ್ ದೇವಸ್ಥಾನಕ್ಕೆ ಓಡಿದ್ವಿ. ಬೆಳಿಗ್ಗೆ ಕಪ್ಪಗಿದ್ದ ಹಿಂಗೋಡೆ ಈಗ ಬೆಲ್ಲದ ಬಣ್ಣ. ಆಗ ಪದ್ಮರಾಜಯ್ಯನವ್ರು ಸೂರ್ಯನ ಕಡೆ ನೋಡಿದ್ರು. ಅವ್ರ ಊಟದ ಹೊತ್ತು. ಇನ್ನೇನು, ಈಗ ಕರೀತಾರೆ, ಭಾವ ಹೊರಟೇಬಿಡ್ತಾರೆ ಅಂದ್ಕೊಂಡೆ. ಅವ್ರು ಅಕ್ಕನ ಕಡೆ ತಿರುಗಿ ಕೈ ಮುಗಿದ್ರು.

"ನಾನು ಹೊರಡ್ತೀನಮ್ಮ, ಊಟಕ್ಕೆ. ನೀವು ದಯವಿಟ್ಟು ನಮ್ಮನೆಗೆ ಬರ್ಬೇಡಿ. ಗೇಟು ಹಾಕೋ ತನಕ ನೋಡ್ಕೊಂಡೇ ಹೋಗಿ."

ಬರ್ಬೇಡಿ ಅಂತ ಒಬ್ರು ಕರೆದು ಹೇಳಿದ್ದು, ಅದಕ್ಕೆ ನಮ್ಮ ಭಾವನ ಮುಖ ಅರಳಿದ್ದು, ಎರಡೂ ನಾನು ಆವತ್ತೇ ಮೊದ್ಲು ನೋಡಿದ್ದು. ಕಾವಲಿನೋನು ಬಂದು ಎಬ್ಬಿಸೋ ತನಕ ನಾವು ಅಲ್ಲೇ ಇದ್ವಿ. ಶಿವಣ್ಣ, ಮೇಷ್ಟ್ರು ಬಸ್ ಹತ್ತಿದ್ರು, ನಾವು ಬೇಲೂರಿಗೆ ಹೋಗಿ ಬಸ್‌ಸ್ಟ್ಯಾಂಡ್ ಹತ್ರ ಒಂದು ಲಾಡ್ಜಲ್ಲಿ ಮಲಗಿದ್ವಿ. ಬೆಡ್‌ಶೀಟು ಅಷ್ಟಕ್ಕಷ್ಟೆ, ದೋಸೆ ಚೆನ್ನಾಗಿತ್ತು.

ಭಾನುವಾರ ಬೇಲೂರು ಚೆನ್ನಕೇಶವ. ನೀವೂ ಬೆಳಿಗ್ಗೇನೇ ಹೋಗಿ, ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕ್ತಾರೆ. ಕನ್ನಡಿ ಹಿಡ್ಕೊಂಡಿರೋ ಸುಂದರಿ ಮುಂದೆ ಜನ ಜಾತ್ರೆ. ಅಕ್ಕ ಅವಳನ್ನ ಒಂದು ನಿಮಿಷ ನೋಡಿ, "ಚೆನ್ನಾಗವಳೆ. ಆದ್ರೆ ಇವಳಿಗೆ ಎಲ್ಲಿಗೂ ಹೋಗೋ ಕೆಲ್ಸ ಇಲ್ಲ" ಅಂದು ಇಲ್ಲೂ ಗೋಡೆ ಬುಡದಲ್ಲಿ ಆನೆ ಹುಡುಕ್ಕೊಂಡು ಹೋದ್ಲು. ಇಲ್ಲೂ ಇದ್ವು. ಅವಳಿಗಿಂತ ಖುಷಿ ನನಗಾಯ್ತು.

ವಾಪಸ್ ಅದೇ ದಾರಿ. ಸಂಜೆ ನಮಗೆ ತುಮಕೂರು ರೈಲು. ಬಾಣಾವರ ಬಂತು. ಭಾವ ಶಿವಣ್ಣನ ಮನೆ ದಾಟಿ ಹೋಗೋಕೆ ಆಕ್ಸಿಲರೇಟರ್ ತುಳಿದ್ರು. ಒಂದೇ ದಿನದಲ್ಲಿ ಅಷ್ಟು ಬದಲಾಗಿದ್ರು.

"ರೀ, ನಿಲ್ಸಿ" ಅಂದ್ಲು ಅಕ್ಕ.

"ಯಾಕೆ?"

"ಶಿವಣ್ಣನ ಹೆಂಡ್ತಿ ಬರಲಿಲ್ಲವಲ್ಲ. ಅವಳಿಗೆ ಆನೆ ವಿಷ್ಯ ಹೇಳ್ಬೇಕು."

"ಇವ್ರಿಗೆ ರೈಲು ತಪ್ತದೆ ಕಣೇ, ಲೇಟಾಯ್ತು" ಅಂದ್ರು ನಮ್ಮ ಭಾವ. ಲೇಟು ಅನ್ನೋ ಪದ ಅವ್ರ ಬಾಯಲ್ಲಿ ಅಲ್ಲೀವರೆಗೂ ಯಾರೂ ಕೇಳಿರ್ಲಿಲ್ಲ.

ಅಕ್ಕ ಆಗ್ಲೇ ಇಳಿದಿದ್ಲು. ನಾವು ಒಳಗೆ ಹೋಗೋಷ್ಟರಲ್ಲಿ ಅಂಗಳದಲ್ಲಿ ಸೆರಗು ಸಿಕ್ಕಿಸ್ಕೊಂಡು, ಹಸು ಕರು ಪಕ್ಕ, ಆನೆ ಹೇಗೆ ಗೋಡೆ ಮೂಲೆ ತಿರುಗ್ತವೆ ಅಂತ ನಡೆದು ತೋರಿಸ್ತಿದ್ಲು. ಶಿವಣ್ಣನ ಹೆಂಡ್ತಿ ಹಿಂದೆ ಹಿಂದೆ ನಡೀತಿದ್ರು. "ನಾನು ಹೇಳಿದ್ರೆ ಇವಳು ನಂಬಲಿಲ್ಲ ಕಣಕ್ಕ" ಅಂತ ಶಿವಣ್ಣ ಬಾಗಿಲಲ್ಲಿ ನಿಂತು ನಗ್ತಿದ್ರು. ಕರು ಹಾಕಿದ ಮನೆ, ಎಲ್ರಿಗೂ ಬಟ್ಟಲಲ್ಲಿ ಗಿಣ್ಣು ಬಂತು.

ನಮ್ಮೆಜಮಾನ್ರು ನನ್ನ ಕಿವೀಲಿ "ರೈಲು" ಅಂದ್ರು. ನಾನು ಗಡಿಯಾರ ಬಿಚ್ಚಿ ಬ್ಯಾಗಿಗೆ ಹಾಕಿ, ಬಟ್ಟಲು ಇನ್ನೊಂದು ಸಲ ಮುಂದೆ ಹಿಡಿದೆ.